ಯಾರೂ ಓದದ ಹದಿಮೂರು ಪುಸ್ತಕ

ಬೈಲಹೊಂಗಲದ ಬಜಾರದಾಗ ನಿಂತು ಬಾಬಾಜಾನನ ಮನಿ ಎಲ್ಲಿ ಅಂತ ಕೇಳಿದ್ರ, ಯಾವ ಬಾಬಾಜಾನ ಅಂತ ನಿಮ್ಮನ್ನೇ ತಿರಗಿ ಕೇಳ್ತಾರ. ಪುಸ್ತಕದ ಮಾಸ್ತರ ಅನ್ರಿ, ಕರಕೊಂಡು ಹೋಗಿ ಬಾಗಲಕ್ಕ ಬಿಡ್ತಾರ. ಸಾಲಿ ಮಾಸ್ತರ ಅಲ್ಲ ಮತ್ತ. ಬಸ್‌ಸ್ಟ್ಯಾಂಡಿನ ಹಿಂದ ಎಂಟು ಫೂಟಿನ ಖೋಲಿಯೊಳಗ ಮೂವತ್ತೊಂದು ವರ್ಷ ಚಿತ್ರಕಥಿ ಪುಸ್ತಕ ಬಾಡಗಿ ಕೊಟ್ಟಾಂವ. ದಿನಕ್ಕ ನಾಕಾಣೆ, ಮುಂದ ಎಂಟಾಣೆ, ಕಡೀಕ ಎರಡು ರೂಪಾಯಿ. ಇವತ್ತು ಊರಾಗ ನಲವತ್ತು ದಾಟಿದವರು ಯಾರಿದ್ರೂ, ಡಾಕ್ಟರ ಇರಲಿ, ಟ್ರ್ಯಾಕ್ಟರ್ ಡ್ರೈವರ ಇರಲಿ, ಒಂದಿನ ಅವನ ಮುಂದ ಚಡ್ಡಿ ಹಾಕ್ಕೊಂಡು ನಿಂತವರೇ.

ಈ ಮಾಸ್ತರಗ ಓದಾಕ ಬರತಿದ್ದಿಲ್ಲ.

ಹೌದ್ರಿ, ಒಂದಕ್ಷರ ಬರತಿದ್ದಿಲ್ಲ. ಏಳನೇ ವರ್ಷಕ್ಕ ಅಪ್ಪನ ಸಂಗಾಟ ರದ್ದಿ ಗಾಡಿ ದೂಡಾಕ ಹತ್ತಿದಾಂವ. ಸವದತ್ತಿ ಅಂತಿಲ್ಲ, ರಾಮದುರ್ಗ ಅಂತಿಲ್ಲ, ಎಲ್ಲಿ ಹಳೇ ಕಾಗದ ಇತ್ತೋ ಅಲ್ಲಿ ಇವರ ತಕ್ಕಡಿ. ಕಾಗದ ತೂಗೂದು ಗೊತ್ತು, ಕಾಗದದ ಮ್ಯಾಲ ಏನೈತಿ ಅನ್ನೂದು ಗೊತ್ತಿಲ್ಲ. ಆದ್ರ ಬಣ್ಣದ ಚಿತ್ರ ಇದ್ದ ಪುಸ್ತಕ ಬಂತಂದ್ರ ಅದು ಶೇಂಗಾ ಕಟ್ಟೂ ಪೊಟ್ಟಣ ಆಗಾಕ ಹೋಗೂದು ನೋಡಿ ಅವನ ಹೊಟ್ಟಿ ಉರೀತಿತ್ತು. ಒಂದೊಂದ ಆರಿಸಿ ಬಾಜೂಕ ಇಟ್ಟ. ಸಾವಿರ ಪುಸ್ತಕ ಆದ ಮ್ಯಾಲ ಅಂಗಡಿ ತೆರದ.

ಓದಾಕ ಬರದಾಂವ ಪುಸ್ತಕದ ಅಂಗಡಿ ಹೆಂಗ ನಡಸಿದ ಅಂತೀರಿ? ಅಂವನ ತಲಿ ಏನು ಕಡಿಮಿ ಇದ್ದಿಲ್ಲ. ಖಾತೆ ಬುಕ್ಕಿನ್ಯಾಗ ಅಂವ ಎಂದೂ ಬರೀತಿದ್ದಿಲ್ಲ, ಒಯ್ಯಾವನ ಕೈಲೆ ಬರಸ್ತಿದ್ದ. "ನಿನ್ನ ಹೆಸರ ನೀನೇ ಬರಿ. ನಿನ್ನ ಕೈಲೆ ಬರದ್ರ ತಿರಗಿ ತಂದು ಕೊಡೂ ನೆನಪ ಇರತೈತಿ," ಅಂತ ಗದರಿಸ್ತಿದ್ದ. ಎಷ್ಟು ಶಿಸ್ತಿನ ಮನಶ್ಯಾ ಅಂತ ಊರ ಮಂದಿ ಹೊಗಳ್ತಿದ್ರು. ಮೂವತ್ತನೇ ವಯಸ್ಸಿಗೆ, ಕಣ್ಣು ಹದ್ದಿನಂಗ ಇದ್ದಾಗ, ಒಂದು ಕನ್ನಡಕ ಕೊಂಡ. ಯಾಕಂದ್ರ ಮನ್ಯಾಗ ಮರತು ಬರಾಕ ಒಂದು ಕನ್ನಡಕ ಬೇಕಾಗಿತ್ತು!

ಈ ಗುಟ್ಟು ಗೊತ್ತಿದ್ದದ್ದು ಒಬ್ಬಾಕಿಗೆ, ಹೆಂಡತಿ ಜುಬೇದಾಬಿಗೆ. ಆಕಿ ಸಿರಸಂಗಿಯಾಕಿ, ಕನ್ನಡ ಸಾಲ್ಯಾಗ ಏಳನೇತ್ತಾ ತನಕ ಕಲತಾಕಿ. ಲಗ್ನ ಆಗಿ ತಿಂಗಳ ತುಂಬಿದ್ದಿಲ್ಲ, ತವರಿನಿಂದ ಒಂದು ಪತ್ರ ಬಂತು. ಬಾಬಾಜಾನ ಅದನ್ನ ಬಿಚ್ಚಿ, ಮ್ಯಾಲಿಂದ ಕೆಳಗ ಕಣ್ಣಾಡಿಸಿ, "ಎಲ್ಲಾರೂ ಆರಾಮ ಅದಾರಂತ" ಅಂದು ಆಕಿ ಕೈಯಾಗ ಕೊಟ್ಟ. ಅಜ್ಜಿ ಬಚ್ಚಲದಾಗ ಬಿದ್ದು ಕಾಲ ಮುರಕೊಂಡಾಳ ಅಂತ ಅದರಾಗ ಬರದಿತ್ತು. ಜುಬೇದಾಬಿ ಗಂಡನ ಮಾರಿ ನೋಡಿದಳು, ಪತ್ರ ಮಡಚಿ ಇಟ್ಟಳು. ಮರುದಿನ ಮಧ್ಯಾಹ್ನ ಊಟ ಆದ ಮ್ಯಾಲ ಅಂಗಡಿಯಿಂದ ಒಂದು ಪುಸ್ತಕ ತಂದು, ಯಾರೂ ಕೇಳದೇ ಜೋರಾಗಿ ಓದಾಕ ಸುರು ಮಾಡಿದಳು.

ಅವತ್ತಿನಿಂದ ದಿನಾ ಅದೇ ನಡೀತು. ಒಂದೂವರಿಗೆ ಅಂಗಡಿ ಬಾಗಲಾ ಹಾಕಿದ್ರ ನಾಕಕ್ಕ ತೆರೀತಿದ್ದ. ಮಾಸ್ತರ ಮಲಗಿರತಾನ ಅಂತ ಹುಡುಗೂರು ತಿಳಕೊಂಡಿದ್ರು. ಮಲಗೂದೆಲ್ಲಿ ಬಂತ್ರಿ! ಆಕಿ ರಾಕ್ಷಸನ ಮಾತಿಗೆ ಗಂಟಲ ದಪ್ಪ ಮಾಡೂದು, ರಾಣಿ ಮಾತಿಗೆ ಮೂಗಿನಾಗ ರಾಗ ಎಳಿಯೂದು, ಇಂವ ಗ್ವಾಡಿಗೆ ಆನಕೊಂಡು ಸಣ್ಣ ಕೂಸಿನಂಗ ಬಾಯಿ ತಕ್ಕೊಂಡು ಕೇಳೂದು. ಸಂಜೀಕ ಅಂಗಡ್ಯಾಗ ಕುಂತು, "ಇದನ್ನ ಒಯ್ಯಿ, ಕಡೀ ಹಾಳ್ಯಾಗ ಖರೇ ಮಜಾ ಐತಿ," ಅಂತಿದ್ದ. ಮಾಸ್ತರ ಎಲ್ಲಾ ಓದಿ ಕುಡದು ಬಿಟ್ಟಾನ ಅನ್ನೂ ಹೆಸರ ಬಂತು.

ಬಾಡಗಿ ಪುಸ್ತಕ ಹರೀಬಾರದು ಅಂತ ದಬ್ಬಣಲೆ ಅಂಚಿಗೆ ತೂತು ಹೊಡದು, ಹುರಿಲೆ ಹೊಲದು, ಮ್ಯಾಲ ಖಾಕಿ ಕಾಗದ ಅಂಟಸ್ತಿದ್ರು. ಆ ಕೆಲಸಾ ಜುಬೇದಾಬೀದು. ಹದಿಮೂರು ಪುಸ್ತಕ ಮಾತ್ರ ಆಕಿ ಹೊಲೀಲಿಲ್ಲ. ಹುಬ್ಬಳ್ಳಿಯೊಳಗ ಯಾರೋ ಒಬ್ಬಾಂವ ಹೌಸಿಲೆ ಚಿತ್ರಕಥಿ ಅಚ್ಚು ಹಾಕಾಕ ಹೋಗಿ, ಹದಿಮೂರು ಸಂಚಿಕಿಗೇ ಮುಳುಗಿ, ಉಳದದ್ದೆಲ್ಲಾ ರದ್ದಿಗೆ ಹಾಕಿದ್ದ. ಆ ಗಂಟು ಬಾಬಾಜಾನನ ತಕ್ಕಡಿಗೆ ಬಂದಿತ್ತು. ಅಂಗಡಿಗೆ ಹೋದವೆಲ್ಲಾ ಹುಡುಗೂರ ಕೈಯಾಗ ಸವದು ಹೋದುವು. ಒಂದೊಂದ ಸಂಚಿಕಿದು ಒಂದೊಂದ ಪ್ರತಿ ಜುಬೇದಾಬಿ ಮನಿಗಂತ ಎತ್ತಿಟ್ಟಿದ್ದಳು. "ಹೊಲದ್ರ ಒಳಗಿನ ಅಕ್ಷರ ಮುಚ್ಚಿ ಹೊಕ್ಕಾವ, ಓದಾಕ ಬರೂದಿಲ್ಲ. ಇವಕ್ಕ ದಬ್ಬಣ ಹಚ್ಚೂದಿಲ್ರಿ," ಅಂದಿದ್ದಳು. ಅವನ್ನ ಮುಟ್ಟೂ ಮುಂದ ಸಾಬಾಣಲೆ ಕೈ ತೊಳದು, ಸೆರಗಿಗೆ ಒರಸಿ, ಹಾಳಿ ತುದಿ ಹಿಡದು ತಿರವತಿದ್ದಳು. ಅವೇ ಇಬ್ಬರಿಗೂ ಅಗದೀ ಪ್ರೀತಿಯ ಕಥಿ. ವರ್ಷಕ್ಕ ಎರಡು ಸಲ ಅಂದ್ರೂ ಹದಿಮೂರೂ ಮುಗೀತಿದ್ದುವು.

ಫೋನ ಬಂದುವು, ಅಂಗಡಿ ಮುಚ್ಚಿತು. ಆರು ವರ್ಷದ ಹಿಂದ ಕಿಡ್ನಿ ಜಡ್ಡಿನ್ಯಾಗ ಜುಬೇದಾಬಿನೂ ಹೋದಳು.

ಮಗಳು ಹಿನಾಕೌಸರ ರಾಮದುರ್ಗದಾಗ ಗಂಡನ ಮನಿ. ಒಳ್ಳೇ ಮಗಳು, ದಿನಾ ಫೋನ ಮಾಡತಾಳ, ಉಂಡಿ ಏನ ಅಬ್ಬಾ ಅಂತ ಕೇಳತಾಳ. ಉಣ್ಣೂದು ಏನ ಮಹಾ, ಉಂಡಾನ. ಉಂಡ ಮ್ಯಾಲ ಒಂದೂವರಿಯಿಂದ ನಾಕರ ತನಕ ಏನ ಮಾಡೂದು ಅನ್ನೂದೇ ಅವಗ ತಿಳೀತಿದ್ದಿಲ್ಲ. ಮೊದಮೊದಲು ಆ ಹದಿಮೂರು ಪುಸ್ತಕ ತಗದು, ಕೈ ತೊಳಕೊಂಡು, ಹಾಳಿ ತಿರವಿ ಚಿತ್ರ ನೋಡಿ, ಕಥಿ ತಾನೇ ಹೇಳಿಕೋತಿದ್ದ. ಎರಡು ವರ್ಷ ಹಂಗ ನಡೀತು. ಆಮ್ಯಾಲ ನೆನಪು ಜಾರಾಕ ಹತ್ತಿತು. ರಾಣಿ ಬಾವಿ ದಂಡಿ ಮ್ಯಾಲ ಕುಂತು ಅಳಾಕ ಹತ್ತ್ಯಾಳ, ಯಾಕ ಅಳತಾಳ? ಆಕಿ ತಲಿ ಮ್ಯಾಲಿನ ಮಾತಿನ ಗುಳ್ಳಿಯೊಳಗ ಬರದೈತಿ, ಇಂವಗ ಬರೂದಿಲ್ಲ. ಯಾರನ್ನ ಕೇಳೂದು? ಊರಿಗೆಲ್ಲಾ ಮಾಸ್ತರ ಆದಾಂವ ಯಾರ ಮನಿ ಬಾಗಲಕ್ಕ ಹೋಗಿ ಇದೊಂದು ಓದಿ ಹೇಳ್ರಿ ಅನ್ನಬೇಕು? ಹಡದ ಮಗಳಿಗೇ ಗೊತ್ತಿಲ್ಲ. ನಮ್ಮಪ್ಪ ಓದಲಾರದ ಪುಸ್ತಕ ಇಲ್ಲ ಅಂತ ಆಕಿ ಅತ್ತಿ ಮನ್ಯಾಗ ಹೇಳಿಕೊಂಡು ಮೆರಿಯಾಕಿ. ಒಂದಿನ ಹದಿಮೂರೂ ಅರಿವ್ಯಾಗ ಸುತ್ತಿ ಟ್ರಂಕಿನ್ಯಾಗ ಇಟ್ಟುಬಿಟ್ಟ.

ಹ್ವಾದ ವರ್ಷ ಹಿನಾಕೌಸರ ಹಬ್ಬಕ್ಕ ಬಂದಾಗ ಟ್ರಂಕ್ ಒಣ ಹಾಕಾಕ ತಗದಳು. ಪುಸ್ತಕ ಚಂದ ಕಂಡುವು, ಫೋಟೋ ಹೊಡದು ಎಲ್ಲಿಗೋ ಕಳಿಸಿದಳು. ಮೂರನೇ ದಿನಕ್ಕ ಪುಣೆಯಿಂದ ಒಬ್ಬಾಂವ ಫೋನ ಮಾಡಿದ. ಹಳೇ ಚಿತ್ರಕಥಿ ಕೂಡಿಸೂ ಹುಚ್ಚಿನ ಶ್ರೀಮಂತ. ಕಿತ್ತೂರ ಹೈವೇ ಮ್ಯಾಲ ಒಂದು ಹೋಟೆಲ್‌ನ್ಯಾಗ ಕೂಡೂದು ಅಂತ ಆತು. ಓದಿ ಹೇಳಾವರು ಇಲ್ಲದ ಮ್ಯಾಲ ಇಟಗೊಂಡು ಏನ ಮಾಡೂದು ಅಂತ ಬಾಬಾಜಾನ ಹದಿಮೂರನ್ನೂ ಅಂಗಡಿಯ ಹಳೇ ನೂರು ಪುಸ್ತಕಾನೂ ಚೀಲದಾಗ ಹೊತಗೊಂಡು ಬಸ್ ಹತ್ತಿದ.

ಪುಣೆದಾಂವ ಮೊದಲ ಅಂಗಡಿ ಪುಸ್ತಕ ನೋಡಿದ. ದಬ್ಬಣದ ತೂತು ಕಂಡು, "ಅರೇ ದೇವಾ, ಬಂಗಾರದಂಥಾ ಮಾಲಿಗೆ ಮೊಳಿ ಹೊಡದೀರಲ್ರಿ!" ಅಂತ ಹಣಿ ಬಡಕೊಂಡ. ಅವೆಲ್ಲಾ ರದ್ದಿ. ಆಮ್ಯಾಲ ಹದಿಮೂರನ್ನ ಬಿಚ್ಚಿದ. ಕೈಗೆ ಬಿಳೇ ಚೀಲಾ ಹಾಕ್ಕೊಂಡು, ಭೂತಗನ್ನಡಿ ಹಿಡದು, ಒಂದೊಂದ ಹಾಳಿ ನೋಡಿದ. ಕಡೀಕ ತಲಿ ಎತ್ತಿ, "ಇವನ್ನ ಯಾರೂ ಓದಿಲ್ಲ," ಅಂದ. "ಓದಿದ್ದಾಗಿದ್ರ ಎಲ್ಲಾ ಕೂಡಿ ಇಪ್ಪತ್ತು ಸಾವಿರ ಕೊಡತಿದ್ದೆ. ಓದದ ಪ್ರತಿ ದೇಶದಾಗ ಇವಷ್ಟೇ. ಒಂಬತ್ತು ಲಕ್ಷ ಕೊಡತೇನಿ."

ಒಂಬತ್ತು ಲಕ್ಷ! ಕಿಲೋ ಲೆಕ್ಕದಾಗ ತಂದ ಮಾಲು! ಬಾಬಾಜಾನ ಬಾಯಿ ತಗದ, ಮುಚ್ಚಿದ. ಓದ್ಯಾಳ್ರಿ, ಐವತ್ತು ಸಲ ಓದ್ಯಾಳ, ಅನ್ನೂದು ನಾಲಗಿ ತುದಿಗೆ ಬಂದಿತ್ತು. ಅಂದ್ರ ಯಾರು, ಯಾರಿಗೆ, ಯಾಕ ಅಂತ ಕೇಳಾಂವ. ಪುಣೆದಾಂವ "ಹದಿಮೂರು ಓದದ ಪ್ರತಿಗಳು" ಅಂತ ಬರದ ಪಾವತಿ ಓದಿ ಹೇಳಿ ಮುಂದ ಹಿಡದ, ಇಂವ ಸಹಿ ಹಾಕಿದ. ಅದೊಂದು ಸಹಿ ಮಾತ್ರ ಹೆಂಡತಿ ತಿಂಗಳಗಟ್ಟಲೆ ಕೈ ಹಿಡದು ತಿದ್ದಿಸಿದ್ದು. ರೊಕ್ಕ ಬ್ಯಾಂಕಿಗೆ ಬಂತು. ತಿರಗಿ ಬರೂ ಬಸ್ಸಿನ್ಯಾಗ ತೊಡಿ ಮ್ಯಾಲ ಬರೇ ಚೀಲ ಇಟಗೊಂಡು ಕುಂತಾಂವ, ಬೈಲಹೊಂಗಲ ಬಂದದ್ದು ಕಂಡಕ್ಟರ ಹೇಳೂ ತನಕ ಗೊತ್ತಾಗಲಿಲ್ಲ.

ಜುಲೈ ಬಂತು. ಇಷ್ಟು ರೊಕ್ಕ ಬಂದೈತಿ, ಟ್ಯಾಕ್ಸ್ ಲೆಕ್ಕಾ ನೋಡಿಸು ಅಬ್ಬಾ ಅಂತ ಮಗಳು ಗಂಟು ಬಿದ್ದಳು. ಬಜಾರದಾಗ ಟ್ಯಾಕ್ಸ್ ಕೆಲಸ ಮಾಡೂ ಬಾಳೇಶ ಇದ್ದ. ಸಣ್ಣಾಂವ ಇದ್ದಾಗ ವಾರಕ್ಕ ನಾಕು ಪುಸ್ತಕ ಒಯ್ಯಾಂವ. ಮಾಸ್ತರನ್ನ ಕಂಡು ಎದ್ದು ನಿಂತ, ಚಹಾ ತರಿಸಿದ.

"ಜಿಎಸ್‌ಟಿ ಬಡೀತಾರೇನೋ ಬಾಳೇಶಪ್ಪಾ?"

"ಪುಸ್ತಕಕ್ಕ ಜಿಎಸ್‌ಟಿ ಇಲ್ರಿ ಮಾಸ್ತರ. ಇದು ಇನ್‌ಕಮ್ ಟ್ಯಾಕ್ಸಿನ ಮಾತು." ಪಾವತಿ ತಿರಗಿ ಮುರಗಿ ನೋಡಿದ. "ಓದದ ಪ್ರತಿ ಅಂತ ಬರದಾರ. ಅಂದ್ರ ಬರೇ ಕೂಡಿಸಿಟ್ಟು, ರೇಟ್ ಬಂದಾಗ ಮಾರಿದಂಗ ಆತು. ಅದು ಆಸ್ತಿ ಲೆಕ್ಕ. ನಾಕು ಲಕ್ಷ ಬಿಡತಾರ, ಉಳದ ಐದಕ್ಕ ನೂರಕ್ಕ ಹನ್ನೆರಡೂವರಿ, ಮ್ಯಾಲ ಸೆಸ್. ಅರವತ್ತೈದು ಸಾವಿರ ತುಂಬಬೇಕು."

ಬಾಬಾಜಾನ ಚಹಾ ಕೆಳಗಿಟ್ಟ.

"ಗಾಬರಿ ಆಗಬ್ಯಾಡ್ರಿ. ಮನ್ಯಾಗ ಸ್ವಂತ ಬಳಸೂ ಸಾಮಾನ ಆಗಿದ್ರ ಈ ಟ್ಯಾಕ್ಸ್ ಬರೂದಿಲ್ಲ. ನಿಮ್ಮಷ್ಟು ಓದಿದಾವ ಈ ತಾಲೂಕಿನ್ಯಾಗ ಯಾರದಾರ? ಇವನ್ನ ನಾನು ಮನ್ಯಾಗ ಓದಾಕ ಇಟಗೊಂಡಿದ್ದೆ, ಹಿಂಗಿಂಗ ಓದತಿದ್ದೆ ಅಂತ ನಿಮ್ಮ ಕೈಲೆ ಒಂದು ಹಾಳಿ ಬರದು ಕೊಡ್ರಿ. ಸಾಹೇಬ್ರು ಕೇಳಿದ್ರ ತೋರಸೂಣು. ಒಪ್ಪೂದು ಬಿಡೂದು ಅವರಿಗೆ ಬಿಟ್ಟದ್ದು, ನಮ್ಮ ಕಡೆ ಖರೇ ಇದ್ರ ಸಾಕು."

ಹಾಳಿ, ಪೆನ್ನು ಮುಂದ ಬಂದುವು. ಬಾಬಾಜಾನ ಕುರ್ಚಿ ಹಿಂದ ಸರಿಸಿದ.

"ಕನ್ನಡಕ ಮನ್ಯಾಗ ಬಿಟ್ಟ ಬಂದೇನಿ."

"ಕಿಸೇದಾಗ ಐತೆಲ್ರಿ!"

ನೋಡ್ರಿ, ಮೂವತ್ತಾರು ವರ್ಷ ತಪ್ಪದ ಲೆಕ್ಕ ಅವತ್ತು ತಪ್ಪಿತ್ತು. ಬಾಬಾಜಾನ ಹಾಳಿ ದೂಡಿದ. "ಬ್ಯಾಡ. ತುಂಬಿಬಿಡು. ಅರವತ್ತೈದ ಹೋಗಲಿ."

"ಹುಚ್ಚ ಹಿಡದೈತೇನ್ರಿ ಮಾಸ್ತರ? ನಾಕ ಸಾಲು ಬರಿಯೂದಕ್ಕ ಅರವತ್ತೈದು ಸಾವಿರ?"

"ತುಂಬು ಅಂದ್ನೆಲ್ಲೋ!" ಧ್ವನಿ ಏರಿತು. ಹೊರಗ ಕುಂತ ಮಂದಿ ಹೊಳ್ಳಿ ನೋಡಿದ್ರು.

ಬಾಳೇಶ ಮಾರಿ ಸಣ್ಣ ಮಾಡಿಕೊಂಡ. ತಾನೇ ಒಂದು ಹಾಳಿ ತಗೊಂಡು ಗೀಚಿ, "ಹಂಗಾದ್ರ ನನ್ನ ಫೈಲಿಗೆ ಇದಕ್ಕ ಸಹಿ ಬೇಕ್ರಿ," ಅಂದು ಓದಿದ. "ಸದರಿ ಪುಸ್ತಕಗಳನ್ನು ನಮ್ಮ ಮನೆಯಲ್ಲಿ ಯಾರೂ, ಎಂದೂ ಓದಿರುವುದಿಲ್ಲ."

ಬಾಬಾಜಾನ ಪೆನ್ನು ಹಿಡದ. ಸಹಿಯ ಮೊದಲನೇ ಗೆರಿ ಎಳದ. ಅಲ್ಲೇ ನಿಂತ. ರೊಕ್ಕದ ಮುಂದ ಬಾಯಿ ಮುಚ್ಚಿದ್ದು ಬ್ಯಾರೆ ಇತ್ತು. ಇದು ತನ್ನ ಕೈಲೆ ಆಕಿನ್ನ ಅಳಿಸಿದಂಗ. ತಾನು ಇದಕ್ಕ ಸಹಿ ಹಾಕಿದ್ರ ಜುಬೇದಾಬಿ ಓದಿದ್ದು ಇದ್ದೇ ಇಲ್ಲ ಅಂತ ಆತು. ಅದು ಗೊತ್ತಿದ್ದಾಂವ ಭೂಮಿ ಮ್ಯಾಲ ತಾನೊಬ್ಬನೇ ಉಳದಾನ.

"ಯಾರೂ ಓದಿಲ್ಲ ಅಂತ ಬರೀಬ್ಯಾಡೋ," ಅಂದ. "ಆಕಿ ಓದತಿದ್ದಳು. ನನಗ ಓದಿ ಹೇಳತಿದ್ದಳು. ನನಗ ಬರೂದಿಲ್ಲ."

"ಏನ ಬರೂದಿಲ್ರಿ?"

"ಓದಾಕ. ಬರಿಯಾಕ. ಏನೂ ಬರೂದಿಲ್ಲ."

ಬಾಳೇಶ ನಕ್ಕ. ಚ್ಯಾಷ್ಟಿ ಮಾಡಾಕ ಹತ್ತ್ಯಾನ ಅಂತ ತಿಳದಿದ್ದ. ಮಾಸ್ತರನ ಮಾರಿ ನೋಡಿ ನಗು ಅಲ್ಲೇ ನಿಂತಿತು. ಬಾಬಾಜಾನ ತಲಿ ತಗ್ಗಿಸಿ, ಪೆನ್ನಿನ ಟೊಪ್ಪಿಗಿ ಹಾಕೂದು, ತಗಿಯೂದು ಮಾಡಾಕ ಹತ್ತಿದ್ದ. ಅರವತ್ತಾರು ವರ್ಷದ ಮನಶ್ಯಾ, ಕಿವಿ ಕೆಂಪಗಾಗಿದ್ದುವು. ಹೊರಗ ಹೋಗಿ ಬಾಳೇಶ ಯಾರಿಗೆ ಹೇಳತಾನೋ, ಸಂಜೀ ತನಕ ಬಜಾರ ತುಂಬ ಆಗತೈತೋ ಏನೋ ಅನ್ನೂ ಅಂಜಿಕಿ ಇತ್ತು.

ಬಾಳೇಶ ಮೊದಲಿನ ಹಾಳಿ ಹರದು ಬುಟ್ಟಿಗೆ ಹಾಕಿದ, ಹೊಸಾದು ತಗೊಂಡ. "ಹೇಳ್ರಿ," ಅಂದ. ಬಾಬಾಜಾನ ತಡವರಸಿಕೋತ ಹೇಳಿದ, ಅಂವ ಬರದ. ಬರದು ಮುಗಿಸಿ, ಎಲ್ಲಾರಿಗೂ ಕೊಡೂ ಹಂಗ, "ಓದಿ ನೋಡ್ರಿ" ಅಂತ ಹಾಳಿ ಮುಂದ ಹಿಡದಾಂವ ನಾಲಗಿ ಕಡಕೊಂಡ. ಹಿಂದಕ್ಕ ತಗೊಂಡು ತಾನೇ ಓದಿದ.

"ಈ ಹದಿಮೂರು ಪುಸ್ತಕಗಳನ್ನು ನನ್ನ ಹೆಂಡತಿ ಜುಬೇದಾಬಿ, ಮಧ್ಯಾಹ್ನ ಊಟದ ನಂತರ ನನಗೆ ಓದಿ ಹೇಳುತ್ತಿದ್ದಳು. ನನಗೆ ಓದಲು ಬರುವುದಿಲ್ಲ. ಅವಳು ಕೈ ತೊಳೆದುಕೊಂಡು ಮುಟ್ಟುತ್ತಿದ್ದಳು, ಆದ್ದರಿಂದ ಹೊಸದರಂತೆ ಉಳಿದಿವೆ. ಅವಳು ತೀರಿಕೊಂಡ ಮೇಲೆ ಇವನ್ನು ಯಾರೂ ಓದಿರುವುದಿಲ್ಲ."

ಬಾಬಾಜಾನ ಕಣ್ಣು ಮುಚ್ಚಿ, ಕುರ್ಚಿಗೆ ಆನಕೊಂಡು ಕೇಳಿದ. ಆರು ವರ್ಷದ ಮ್ಯಾಲ ಒಬ್ಬರು, ಬರೂದಿಲ್ಲ ಅಂತ ತಿಳದು, ಅವಗ ಓದಿ ಹೇಳಿದ್ರು.

"ಸಹಿ ಇಲ್ಲಿ ಮಾಡ್ರಿ ಮಾಸ್ತರ."

"ಮಾಡತೇನಿ," ಅಂದ ಬಾಬಾಜಾನ, ಕಣ್ಣು ತೆರೀಲಿಲ್ಲ. "ಇನ್ನೊಮ್ಮೆ ಓದು."

ಹೊರಗ ಮೂರು ಮಂದಿ ಕಾಯಾಕ ಹತ್ತಿದ್ರು. ಬಾಳೇಶ ಇನ್ನೊಮ್ಮೆ ಓದಿದ.