ಕದಿರಮ್ಮನ ಮೇಲಿನ ಫಿನಾಯಿಲ್ ಅಪವಾದ

ತ್ಯಾಮಗೊಂಡ್ಲಿನಲ್ಲಿ ನಮ್ಮ ಪಕ್ಕದ ಮನೆಯ ಕದಿರಮ್ಮನನ್ನು ಜನ ಒಂದು ವರ್ಷ ‘ನಾಯಿಗಳ ಕಣ್ಣು ತೆಗೆದೋಳು’ ಎಂದೇ ಕರೆದರು. ಆ ಹೆಸರು ಇಟ್ಟವನು ಉಮಾಶಂಕರ್. ಅವನ ಹೆಸರೆತ್ತಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಊರಾಚೆ ಅವನದೊಂದು ಲ್ಯಾಬ್ರಡಾರ್ ನಾಯಿಗಳ ಫಾರಂ. ಮರಿ ಹಾಕಿಸಿ ಬೆಂಗಳೂರಿನವರಿಗೆ ಮಾರುವುದು ಅವನ ಕಸುಬು. ಕದಿರಮ್ಮ ಅಲ್ಲಿ ಹನ್ನೊಂದು ವರ್ಷ ನಾಯಿಗಳ ಬಾಣಂತನ ಮಾಡಿದಳು. ಗೂಡು ತೊಳೆಯುವುದೂ ಅವಳೇ. ಮರಿ ಕೊಂಡವರು ಊಟ, ಭೇದಿ ಎಂದು ಹೊತ್ತುಗೊತ್ತಿಲ್ಲದೆ ಫೋನ್ ಮಾಡುತ್ತಿದ್ದರು. ಸಾಹೇಬನಿಗೆ ಅದು ತಲೆನೋವು. ಎಲ್ಲರಿಗೂ ಕದಿರಮ್ಮನ ನಂಬರನ್ನೇ ಕೊಟ್ಟುಬಿಟ್ಟಿದ್ದ. "ಬರೀ ಮುದ್ದೆ ಹಾಕ್ಬೇಡಿ ಸಾರ್, ಒಂದು ಮೊಟ್ಟೆ ಬೇಯ್ಸಿ ಕೊಡಿ" ಎಂದು ಅವಳು ಬೇಸರವಿಲ್ಲದೆ ಹೇಳುತ್ತಿದ್ದಳು.

ಆಮೇಲೆ ಅಲ್ಲಿಂದ ಹೋದ ನಾಯಿಗಳು ಮೂರು ನಾಲ್ಕು ವರ್ಷ ತುಂಬುವಷ್ಟರಲ್ಲಿ ಒಂದೊಂದಾಗಿ ಕುರುಡಾಗತೊಡಗಿದವು. ದೇವನಹಳ್ಳಿಯಲ್ಲಿ ಹೋಟೆಲ್ ನಡೆಸುವ ಕೆಂಪರಾಜ್ ತನ್ನ ನಾಯಿಯನ್ನು ತಂದು ಫಾರಂ ಗೇಟಿನಲ್ಲೇ ಬಿಟ್ಟು ರೇಗಾಡಿದ. ಉಮಾಶಂಕರ್ ಹಿಂದೆಮುಂದೆ ನೋಡದೆ ಹೇಳಿದ: "ಇವ್ಳೇ ಸಾರ್, ಫಿನಾಯಿಲ್‌ಗೆ ನೀರು ಬೆರಸ್ದೆ ಗೂಡು ತೊಳ್ದು ಮರಿಗಳ ಕಣ್ಣು ತೆಗೆದ್ಬಿಟ್ಲು." ಅವತ್ತೇ ಅವಳನ್ನು ಕೆಲಸದಿಂದ ಓಡಿಸಿದ. ಮರಿ ಕೊಂಡವರಿಗೆಲ್ಲ ವಾಟ್ಸಾಪಿನಲ್ಲಿ ಇದೇ ಮಾತು ಕಳಿಸಿದ.

ಕದಿರಮ್ಮನೂ ಅದನ್ನು ನಂಬಿದ್ದಳು. ಅವಸರದಲ್ಲಿ ಫಿನಾಯಿಲ್ ಹೆಚ್ಚು ಸುರಿದ ದಿನಗಳು ಅವಳಿಗೆ ನೆನಪಿದ್ದವು. ನಾನೂ ನಂಬಿದ್ದೆ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಕೆಂಪರಾಜ್ ಬಿಟ್ಟುಹೋದ ಕುರುಡು ನಾಯಿಯನ್ನು ಅವಳು ಮನೆಗೆ ತಂದು, ಕೈತುತ್ತು ತಿನ್ನಿಸುತ್ತ ಅಳುತ್ತಿದ್ದಳು.

ಅದಕ್ಕೆ ಸೂಜಿ ಹಾಕಿಸಲು ನೆಲಮಂಗಲಕ್ಕೆ ಹೋದಾಗ ಪಶುವೈದ್ಯೆ ಯಶಸ್ವಿನಿ ಅದರ ಕಣ್ಣು ನೋಡಿ ಅನುಮಾನಪಟ್ಟರು. ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ ಲ್ಯಾಬಿಗೆ ಕಳಿಸಿದರು. ಮೂರು ವಾರಕ್ಕೆ ವರದಿ ಬಂತು.

"ಇದು ಫಿನಾಯಿಲ್‌ನಿಂದ ಆಗಿದ್ದಲ್ಲಮ್ಮ, ವಂಶದಿಂದ ಬಂದಿದ್ದು. ತಂದೆ ತಾಯಿ ನಾಯಿಗಳಲ್ಲಿ ದೋಷ ಅಡಗಿರುತ್ತೆ, ಅವಕ್ಕೆ ಏನೂ ಆಗಲ್ಲ. ಎರಡೂ ಕಡೆಯಿಂದ ದೋಷ ಪಡೆದ ಮರಿ ಮಾತ್ರ ಕುರುಡಾಗುತ್ತೆ. ಟೆಸ್ಟ್ ಮಾಡಿಸ್ದೆ ಜೋಡಿ ಮಾಡ್ಬೇಡಿ ಅಂತ ಉಮಾಶಂಕರ್‌ಗೆ ಎರಡು ವರ್ಷದ ಹಿಂದೆನೇ ಹೇಳಿದ್ದೆ."

ಕದಿರಮ್ಮನ ಅಳು ಅಲ್ಲಿಗೆ ನಿಂತಿತು. ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಕೂತು, ತನ್ನ ಫೋನಿನಲ್ಲಿದ್ದ ಒಬ್ಬೊಬ್ಬರಿಗೂ ಕರೆ ಮಾಡಿದಳು. "ನಾನು ನಾಯಿ ಫಾರಂ ಕದಿರಮ್ಮ ಸಾರ್. ನಿಮ್ಮ ನಾಯಿಗೆ ಈ ವಂಶದ ದೋಷದ ಟೆಸ್ಟ್ ಮಾಡ್ಸಿ, ಏನ್ ಬರುತ್ತೆ ನೋಡಿ." ತಿಂಗಳೊಪ್ಪತ್ತಿನಲ್ಲಿ ಫಾರಂನಲ್ಲಿ ಮರಿ ಕೇಳುವವರೇ ಇಲ್ಲವಾದರು. ನನ್ನ ಹೊಟ್ಟೆ ತಣ್ಣಗಾಯಿತು.

ಕೊನೆಗೆ ಉಮಾಶಂಕರ್ ಅವಳ ಮನೆಗೇ ಬಂದ. "ತಪ್ಪಾಯ್ತು ಕದಿರಮ್ಮ, ಕೆಲಸಕ್ಕೆ ಬಾ. ಇದನ್ನ ಇಲ್ಲಿಗೇ ಬಿಟ್ಬಿಡು."

"ನಂಗ್ಯಾಕ್ ಹೇಳ್ತೀರ ಸಾರ್? ನನ್ನ ಹೆಸ್ರು ಯಾರ್ ಮುಂದೆ ಕೆಡಿಸಿದ್ರೋ ಅವ್ರಿಗೆ ಹೇಳಿ" ಎಂದವಳೇ ಕೆಂಪರಾಜ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

ಉಮಾಶಂಕರ್ ಫೋನಿನತ್ತ ಬಗ್ಗಿದ. "ಫಿನಾಯಿಲ್ ಅಲ್ಲ ಸಾರ್. ನಮ್ಮ ನಾಯಿಗಳಲ್ಲೇ ದೋಷ ಇತ್ತು. ಡಾಕ್ಟ್ರು ನಂಗೆ ಮೊದ್ಲೇ ಹೇಳಿದ್ರು. ಕದಿರಮ್ಮಂದು ಏನೂ ತಪ್ಪಿಲ್ಲ."

ಮುಗಿಯಿತೆಂದು ಅವನು ಚಪ್ಪಲಿ ಮೆಟ್ಟಲು ಹೋದ. ಕದಿರಮ್ಮ ಆಗಲೇ ಮುಂದಿನ ನಂಬರು ಒತ್ತಿದ್ದಳು.

"ಕೂತ್ಕೊಳ್ಳಿ ಸಾರ್. ಇನ್ನೂ ನೂರಾ ಮೂವತ್ತು ಜನ ಅವ್ರೆ."