ತಾಮ್ರದ ವಿಭೂತಿ

ನಂಜನಗೂಡಿನ ನನ್ನ ರಿಪೇರಿ ಅಂಗಡಿಗೆ ಬರುವ ಎಷ್ಟೋ ಸರ್ಕ್ಯೂಟ್ ಬೋರ್ಡುಗಳಿಗೆ ನಕ್ಷೆಯೇ ಇರುವುದಿಲ್ಲ. ಮಾಡಿದ ಕಂಪನಿ ಮುಚ್ಚಿರುತ್ತದೆ, ಇಲ್ಲವೇ ಮಾಡಿದವನೇ ಇರುವುದಿಲ್ಲ. ಆಗ ಬಿಡಿಭಾಗಗಳನ್ನು ಬಿಚ್ಚಿ, ಬೋರ್ಡನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಆ ಚಿತ್ರದ ಮೇಲೆ ಒಂದೊಂದೇ ತಾಮ್ರದ ಗೆರೆ ಎಳೆಯುತ್ತ ಹೋಗುತ್ತೇನೆ. ಅದಕ್ಕೆಂದೇ ಸಾಫ್ಟ್‌ವೇರ್ ಇದೆ. ಬೇಸರದ ಕೆಲಸ. ಬೇಸರದ ಕೆಲಸವೇ ನನಗೆ ಒಗ್ಗುವುದು.

ಹೋದ ಚಳಿಗಾಲದಲ್ಲಿ ತಿ. ನರಸೀಪುರದ ಕಡೆಯ ಹೆಂಗಸೊಬ್ಬರು ಸುಟ್ಟ ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. ಅವರದು ಚಾಕಿ ಮನೆ. ರೇಷ್ಮೆ ಮೊಟ್ಟೆ ಒಡೆಸಿ, ಮರಿಹುಳುಗಳನ್ನು ಎರಡನೇ ಜ್ವರದವರೆಗೆ, ಅಂದರೆ ಎರಡು ಸಲ ಪೊರೆ ಬಿಡುವವರೆಗೆ, ಸಾಕಿ ರೈತರಿಗೆ ಕೊಡುತ್ತಾರೆ. ಆ ಕೋಣೆಯ ಹೀಟರನ್ನೂ ಅದರ ಫ್ಯಾನನ್ನೂ ನಡೆಸುವ ಬೋರ್ಡು ಇದು. ಕೈಯಾರೆ ಮಾಡಿದ್ದವರು ಅವರ ಗಂಡ, ರೇಡಿಯೊ ಮೆಕ್ಯಾನಿಕ್. ತೀರಿಕೊಂಡು ವರ್ಷಗಳಾಗಿದ್ದವು.

"ನಾಡಿದ್ದು ಮೊಟ್ಟೆ ಒಡಿತವೆ ಸಾ. ಕೆಂಡ ಇಟ್ಟು ಮಗಳ್ನ ಕಾಯಕ್ಕೆ ಕೂರಿಸ್ಬುಟ್ಟು ಬಂದಿವ್ನಿ. ಚಳಿ ತಗುಲಿದ್ರೆ ಎಲ್ಲಾ ಸತ್ತೋಯ್ತವೆ. ಆಮೇಲೆ ಯಾವ ರೈತ ನಮ್ಮನೆ ಬಾಗ್ಲಿಗೆ ಬತ್ತಾನೆ?"

"ಹೊಸದೇ ತಗೊಳ್ಳಿ" ಎಂದೆ.

"ಕೇಳ್ದೆ. ಬರಕ್ಕೆ ಒಂದ್ ವಾರ ಅಂದ್ರು."

ಸ್ಕ್ಯಾನ್ ಮಾಡಿದರೆ, ಬೋರ್ಡಿನ ಮೂಲೆಯಲ್ಲಿ ಅಡ್ಡಡ್ಡಲಾಗಿ ಮೂರು ದಪ್ಪ ಗೆರೆ. "ಭಲೇ ಮಹಾರಾಯ, ಬೋರ್ಡಿಗೂ ವಿಭೂತಿ ಬಳಿದಿದ್ದಾನಲ್ಲ!" ಎಂದು ನಕ್ಕೆ.

"ಊಂ ಸಾ. ಯಾವ ಬೋರ್ಡ್ ಮಾಡಿದ್ರೂ ಮೊದ್ಲು ಇಬೂತಿ ಬರ್ದೇ ಸುರು ಮಾಡೋರು."

ಸಾಫ್ಟ್‌ವೇರಿಗೆ ಭಕ್ತಿಯೂ ತಾಮ್ರವೇ, ಅದು ಮೂರೂ ಗೆರೆಗಳನ್ನು ನಿಷ್ಠೆಯಿಂದ ಎತ್ತಿಕೊಂಡಿತ್ತು. ನಾನು ಅಳಿಸಿದೆ. ಸಂಜೆಯೊಳಗೆ ಹೊಸ ಬೋರ್ಡು ಮಾಡಿ ಹಳೆಯ ಬಿಡಿಭಾಗಗಳನ್ನು ಕೂರಿಸಿದೆ. ಬೆಳಿಗ್ಗೆ ಬೈಕಿನಲ್ಲಿ ಅವರ ಮನೆಗೆ ಹೋಗಿ ಜೋಡಿಸಿದೆ.

ಫ್ಯಾನ್ ತಿರುಗಿತು. ಹೀಟರ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಆಕೆ ಮೊಟ್ಟೆಯ ತಟ್ಟೆಗಳ ಪಕ್ಕದಲ್ಲೇ ನೆಲಕ್ಕೆ ಕುಳಿತುಬಿಟ್ಟರು. "ಓಯ್ತು ಬುಡಿ ಸಾ." ಕೆಂಡ ಬೂದಿಯಾಗುತ್ತ ಬಂದಿತ್ತು. ನನಗೆ ಸತ್ತವನ ಮೇಲೆ ಕೆಂಡದಂಥ ಕೋಪ ಬಂತು. ಲ್ಯಾಪ್‌ಟಾಪ್ ತೆರೆದು ಸ್ಕ್ಯಾನಿನ ಮೇಲೆ ನನ್ನ ನಕ್ಷೆಯನ್ನಿಟ್ಟು ನೋಡಿದೆ. ಹೀಟರನ್ನು ಹಾಕುವ ರಿಲೇಯ ಅರ್ತ್ ಗೆರೆ ವಿಭೂತಿಯ ನಡುಗೆರೆಗೆ ಒಂದು ತುದಿಯಲ್ಲಿ ಸೇರಿ ಇನ್ನೊಂದು ತುದಿಯಿಂದ ಹೊರಟಿತ್ತು. ಪುಣ್ಯಾತ್ಮ ದೇವರ ಮೂಲಕವೇ ದಾರಿ ಮಾಡಿದ್ದ! ಜಾಗ ಸಾಲದೆಯೋ, ಬೇಕೆಂದೇ ಮಾಡಿದನೋ, ಕೇಳುವುದು ಯಾರನ್ನು? ಆ ಗೆರೆಯ ಜಾಗಕ್ಕೆ ಒಂದು ತುಂಡು ವೈರನ್ನು ಬೆಸುಗೆ ಹಾಕಿದೆ. ಟಿಕ್ ಎಂದಿತು ರಿಲೇ. ಹೀಟರ್ ಕೆಂಪಾಯಿತು. ಬರೀ ಅಲಂಕಾರವೆಂದು ವಿಭೂತಿ ಅಳಿಸಿದ್ದೇ ತಪ್ಪಾಯಿತೆಂದು ಆಕೆಗೆ ಹೇಳಿದೆ.

ಆಕೆ ಬಿಸಿಗಾಳಿಗೆ ಅಂಗೈ ಒಡ್ಡಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಅಳ್ಸೋಕೆ ಮುಂಚೆ ಒಂದ್ ಮಾತು ಕೇಳ್ಬಾರ್ದಾಗಿತ್ತಾ ಸಾ?" ಎಂದು ಗದರಿದರು. ಗದರುತ್ತಲೇ ಅತ್ತುಬಿಟ್ಟರು. ನಾನು ಸಾಮಾನು ಕಟ್ಟಿಕೊಂಡು ಎದ್ದೆ.

ಮಾರನೇ ದಿನ ಅಂಗಡಿಗೆ ಫೋನ್ ಬಂತು. "ಎದ್ದವೆ ಸಾ! ಮೊಟ್ಟೆ ಒಡೆದು ತಟ್ಟೆ ತುಂಬಾ ಮರಿ ಎದ್ದವೆ. ಸೊಪ್ಪು ಎಚ್ಬೇಕು, ಮಡಗ್ತೀನಿ."

ಬಹಳ ಸಂತೋಷವಾಯಿತಮ್ಮ ಎಂದು ಹೇಳಬೇಕೆನ್ನುವಷ್ಟರಲ್ಲಿ ಫೋನ್ ಇಟ್ಟೇಬಿಟ್ಟಿದ್ದರು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಜೋರಾಗಿಯೇ ಹೇಳಿದೆ.