ಈರುಳ್ಳಿ ಸೀರೆ

ಅತ್ತೆ ಗದಗಿನಿಂದ ನ್ಯೂಜೆರ್ಸಿಗೆ ಬಂದಿಳಿದ ಮೂರನೆಯ ದಿನವೇ ಕೇಳಿದರು: "ಇಲ್ಲಿಂದ ಸುಜ್ದಾಲ್ ಎಷ್ಟ ದೂರ ಐತವಾ?"

ಅದು ಯಾವುದೋ ಹೊಸ ಮಾಲ್ ಇರಬೇಕು ಅಂದುಕೊಂಡೆ. ಮಾನ್ಮತ್ ಜಂಕ್ಷನ್ನಿನಲ್ಲಿ ಹನ್ನೆರಡು ವರ್ಷದಿಂದ ಇರುವ ನನಗೆ ಗೊತ್ತಿಲ್ಲದ ಮಾಲ್ ಇವರಿಗೆ ಹೇಗೆ ಗೊತ್ತಾಯಿತು ಎಂದು ಸ್ವಲ್ಪ ಹೊಟ್ಟೆಯೂ ಉರಿಯಿತು. ಫೋನಿನಲ್ಲಿ ಹುಡುಕಿದರೆ ಅದು ರಷ್ಯಾದ ಊರು! ಹಳೆಯ ಕಾಲದ ಪುಟ್ಟ ಊರು, ಎತ್ತ ತಿರುಗಿದರೂ ಚರ್ಚು.

ವಿಷಯ ಇಷ್ಟು. ಅತ್ತೆ ಆರನೆಯ ಇಯತ್ತೆಯಲ್ಲಿದ್ದಾಗ ಅವರ ಶಾಲೆಗೆ ರಷ್ಯಾದಿಂದ ಬಣ್ಣದ ಪತ್ರಿಕೆ ಬರುತ್ತಿತ್ತಂತೆ. ಓದುವವರು ಯಾರೂ ಇರಲಿಲ್ಲ. ಹಾಳೆ ನುಣುಪಾಗಿ ದಪ್ಪಗಿದ್ದುದರಿಂದ ನೋಟ್‌ಬುಕ್ಕಿಗೆ ಬೈಂಡ್ ಹಾಕಲು ಮಕ್ಕಳು ಕಿತ್ತಾಡುತ್ತಿದ್ದರು. ಹಾಗೆ ಕಿತ್ತಾಡಿ ಅತ್ತೆಗೆ ದಕ್ಕಿದ್ದು ಹರಿದ ಅರ್ಧ ಹಾಳೆ. ಅದರಲ್ಲಿ ಹಿಮದ ನಡುವೆ ಒಂದು ಬಿಳಿಯ ಚರ್ಚು, ನೆತ್ತಿಯ ಮೇಲೆ ಬುಡ ಉಬ್ಬಿ ತುದಿ ಚೂಪಾದ ಗೋಪುರಗಳು: ಎರಡು ಸಣ್ಣವು, ಒಂದು ದೊಡ್ಡದು, ಇನ್ನೊಂದು ಸಣ್ಣದು. ಅಲ್ಲಿಗೆ ಹಾಳೆ ಹರಿದಿತ್ತು. ಊರಿನ ಹೆಸರು ಹೇಳಿದವರು ಮಾಸ್ತರು. ಉಳಿದರ್ಧ ಬೇರೊಬ್ಬಳ ಗಣಿತದ ಪುಸ್ತಕಕ್ಕೆ ಹೋಯಿತು, ಅವಳು ಜಂಬದಿಂದ ತೋರಿಸಲೇ ಇಲ್ಲ.

ಮುಂದೆ ಕಸೂತಿ ಕಲಿತಾಗ ಜೊತೆಯ ಹುಡುಗಿಯರೆಲ್ಲ ಸೆರಗಿಗೆ ಹಂಸ, ನವಿಲು, ತುಳಸಿಕಟ್ಟೆ ಹಾಕಿದರೆ ಅತ್ತೆ ಆ ಗೋಪುರಗಳನ್ನು ಹಾಕಿದರು. ಇಳಕಲ್ ಸೀರೆಯ ಮೇಲೆ, ಒಂದೊಂದೇ ಎಳೆ ಎಣಿಸಿ, ಗಂಟಿಲ್ಲದ ಹೊಲಿಗೆ. ನಾಲ್ಕು ಮುಗಿದ ಮೇಲೆ ಬಲಗಡೆ ಮೂರು ಬೆರಳಿನಷ್ಟು ಜಾಗ ಖಾಲಿ ಬಿಟ್ಟರು. ಹರಿದ ಭಾಗದಲ್ಲಿ ಏನಿತ್ತೆಂದು ಗೊತ್ತಿಲ್ಲದೆ ಸೂಜಿ ಹಾಕಲು ಮನಸ್ಸಾಗಲಿಲ್ಲವಂತೆ. ಐವತ್ತು ವರ್ಷ ದಾಟಿತು, ಆ ಜಾಗ ಹಾಗೇ ಇದೆ.

ಅದಕ್ಕೆ ಈರುಳ್ಳಿ ಸೀರೆ ಎಂದು ಹೆಸರಿಟ್ಟವಳು ನಾನೇ. ಮದುವೆಯಾದ ಹೊಸದರಲ್ಲಿ, ತುಂಬಿದ ಮನೆಯಲ್ಲಿ, ಎಲ್ಲರೂ ನಗಲಿ ಎಂದು ಹೇಳಿದ್ದೆ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಈ ಸಲ ಸೂಟ್‌ಕೇಸಿನಿಂದ ಆ ಸೀರೆಯನ್ನೂ, ಅದಕ್ಕೆ ಹೊಂದುವ ದಾರದ ಉಂಡೆಯನ್ನೂ ತೆಗೆದು ಹಾಸಿಗೆಯ ಮೇಲಿಟ್ಟಾಗ ನನಗೆ ಅಂದಿನ ನಗು ನೆನಪಾಗಿ ಮೈಯೆಲ್ಲ ಹಿಡಿಯಾಯಿತು.

ರಷ್ಯಾಕ್ಕೆ ಹೋಗುವುದು ಈಗ ಆಗುವ ಮಾತಲ್ಲ. ಫೋನಿನಲ್ಲಿ ಆ ಊರಿನ ಚಿತ್ರಗಳನ್ನು ತೋರಿಸಿದೆ. ಒಂದು ಗೋಪುರದ ಚರ್ಚು, ಐದರದ್ದು, ನೀಲಿಯದು, ಬಂಗಾರದ್ದು. ಅತ್ತೆ ಕನ್ನಡಕ ಏರಿಸಿ ಇಳಿಸಿ ನೋಡಿ, "ಇಷ್ಟರಾಗ ನಂದು ಯಾವುದು ಅಂತ ಫೋನ್ ಹೇಳ್ತದೇನು?" ಎಂದರು. ಫೋನ್ ಹೇಳಲಿಲ್ಲ. ಕೊನೆಗೆ ಆಫೀಸಿನ ರಷ್ಯನ್ ಗೆಳತಿಯೊಬ್ಬಳು ಹೇಳಿದಳು: ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದಕ್ಷಿಣಕ್ಕೆ ಡ್ರೈವ್ ಮಾಡಿದರೆ ಪೈನ್ ಮರಗಳ ನಡುವೆ ಹಳೆಯ ರಷ್ಯನ್ ವಸತಿ ಇದೆ, ಯಾವ ಕಾಲದಲ್ಲೋ ದೇಶ ಬಿಟ್ಟು ಬಂದವರು ಅಲ್ಲಿಯದೇ ರೀತಿಯ ಚರ್ಚು ಕಟ್ಟಿಕೊಂಡಿದ್ದಾರೆ. ಮಂಗಳವಾರ ಅತ್ತೆ ಊರಿಗೆ ಹಿಂತಿರುಗುವ ಫ್ಲೈಟು. ಶನಿವಾರ ಹೊರಟೆವು, ನಾವಿಬ್ಬರೇ.

ಅತ್ತೆ ಆ ಸೀರೆಯನ್ನೇ ಉಟ್ಟು, ತಲೆಯ ತುಂಬ ಸೆರಗು ಹೊದ್ದು, ತೊಡೆಯ ಮೇಲೆ ರೊಟ್ಟಿಯ ಡಬ್ಬಿ ಇಟ್ಟುಕೊಂಡು ಕೂತರು.

"ಅತ್ತೆ, ಇಲ್ಲಿ ಯಾರೂ ತಲೆ ಮೇಲೆ ಸೆರಗು ಹಾಕ್ಕೊಳ್ಳಲ್ಲ. ಫೋಟೋನೂ ಚೆನ್ನಾಗಿ ಬರಲ್ಲ."

"ಗುಡಿಗಿ ಹೊಂಟೇವಿ. ಫೋಟೋಕ್ಕಲ್ಲ."

ಎಕ್ಸಿಟ್ ಬರುವವರೆಗೂ ನಾನು ಮನಸ್ಸಿನಲ್ಲೇ ವಾದ ಮಾಡುತ್ತಿದ್ದೆ.

ಮರಗಳು ಸರಿದು ಬಂಗಾರದ ಗೋಪುರಗಳು ಫಳಕ್ಕನೆ ಕಂಡಾಗ ನಾನು "ಅಯ್ಯೋ!" ಎಂದು ಕೂಗಿ ಬ್ರೇಕ್ ಒತ್ತಿದೆ. ಹಿಂದಿನವನು ಹಾರ್ನ್ ಹೊಡೆದ. ಅತ್ತೆ ಅವನಿಗೂ ಕೈ ಮುಗಿದರು.

ಅವತ್ತು ಅವರ ಈಸ್ಟರ್ ಹಬ್ಬದ ಹಿಂದಿನ ದಿನವೆಂದು ನಮಗೆ ಗೊತ್ತೇ ಇರಲಿಲ್ಲ. ಜಾತ್ರೆಯಷ್ಟು ಜನ. ಬಾಗಿಲಲ್ಲಿ ನಿಂತಿದ್ದ ಒಬ್ಬ ಹೆಂಗಸು ಅತ್ತೆಯ ಹೊದ್ದ ತಲೆಯನ್ನು ನೋಡಿ ಎದೆ ಮುಟ್ಟಿಕೊಂಡು ಬಗ್ಗಿ ಒಳಗೆ ಬಿಟ್ಟಳು. ನನ್ನನ್ನು ನಿಲ್ಲಿಸಿದಳು. ಜೀನ್ಸ್ ನೋಡಿದಳು, ಬರಿಯ ತಲೆ ನೋಡಿದಳು, ಬುಟ್ಟಿಯಿಂದ ಹೂವಿನ ಸ್ಕಾರ್ಫನ್ನೂ ಸೊಂಟಕ್ಕೆ ಸುತ್ತುವ ಬಟ್ಟೆಯನ್ನೂ ತೆಗೆದು ಕೈಗಿತ್ತಳು. ಹನ್ನೆರಡು ವರ್ಷ ಈ ದೇಶದಲ್ಲಿದ್ದವಳು ನಾನು! ಅತ್ತೆ ಒಳಗಿನಿಂದ ತಿರುಗಿ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕುಲುಕುಲು ನಕ್ಕರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನಗೂ ನಗು ತಡೆಯಲಾಗಲಿಲ್ಲ.

ಹೊರಗೆ ಅಂಗಳದಲ್ಲಿ ಉದ್ದನೆಯ ಮೇಜುಗಳು. ಅವುಗಳ ಮೇಲೆ ಸಾಲು ಸಾಲು ಬುಟ್ಟಿ: ಎತ್ತರದ ಬ್ರೆಡ್ಡು, ಕೆಂಪು ಮೊಟ್ಟೆ, ಉರಿಯುವ ಮೇಣದ ಬತ್ತಿ. ನಾನು ಕಣ್ಣು ಮಿಟುಕಿಸುವುದರೊಳಗೆ ಅತ್ತೆ ಎರಡು ಬುಟ್ಟಿಗಳ ನಡುವೆ ಸಂದಿ ಮಾಡಿ ರೊಟ್ಟಿಯ ಡಬ್ಬಿ ಇಟ್ಟು ಮುಚ್ಚಳ ತೆಗೆದುಬಿಟ್ಟರು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಎಣ್ಣೆಗಾಯಿ.

"ಅತ್ತೆ! ತೆಗೀರಿ, ಅದು ಅವರದ್ದು!"

"ನೈವೇದ್ಯಕ್ಕ ನಮ್ಮದು ಅವರದು ಅಂತ ಇರ್ತದೇನು?"

ಅಷ್ಟರಲ್ಲಿ ಗಡ್ಡದ ಪಾದ್ರಿಗಳು ಬಂದೇಬಿಟ್ಟರು, ಕೈಯಲ್ಲಿ ಪೊರಕೆಯಂಥ ದಪ್ಪ ಕುಂಚ. ಹಾಡುತ್ತ ಹಾಡುತ್ತ ಬುಟ್ಟಿಗಳ ಮೇಲೆ ನೀರು ಚಿಮುಕಿಸಿದರು. ರೊಟ್ಟಿಯ ಮುಂದೆ ಒಂದು ಗಳಿಗೆ ನಿಂತರು. ನಾನು ಭೂಮಿ ಬಾಯಿ ಬಿಡಲಿ ಎಂದುಕೊಂಡೆ. ಅವರು ಹುಬ್ಬೇರಿಸಿ, ಗಡ್ಡದೊಳಗೇ ನಕ್ಕು, ಕುಂಚವನ್ನು ಚೆನ್ನಾಗಿ ಅದ್ದಿ ರೊಟ್ಟಿಗೂ ಅತ್ತೆಗೂ ನನಗೂ ಸೇರಿಸಿ ಒಂದೇ ಏಟಿಗೆ ಎರಚಿದರು. ಅತ್ತೆ ಮುಖದ ನೀರನ್ನು ಒರೆಸಿಕೊಳ್ಳಲಿಲ್ಲ. ಮಕ್ಕಳ ಹಾಗೆ ಕಿಲಕಿಲ ನಗುತ್ತಿದ್ದರು.

ಪಕ್ಕದ ಬುಟ್ಟಿಯ ಒಡತಿ ಎಂಬತ್ತು ದಾಟಿದ ರಷ್ಯನ್ ಅಜ್ಜಿ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಅತ್ತೆಗೆ ಇಲ್ಲವೇ ಇಲ್ಲ. ಅಜ್ಜಿಯ ಕಣ್ಣು ಅತ್ತೆಯ ಭುಜದ ಮೇಲೆ ಇಳಿಬಿದ್ದ ಸೆರಗಿನ ಅಂಚಿಗೆ ಹೋಯಿತು. ಹತ್ತಿರ ಬಂದರು. ಹೊಲಿಗೆಯ ಮೇಲೆ ಬೆರಳಿಟ್ಟರು. ಸಣ್ಣದು, ಸಣ್ಣದು, ದೊಡ್ಡದು, ಸಣ್ಣದು. ಆಮೇಲೆ ಬೆರಳು ಖಾಲಿ ಜಾಗಕ್ಕೆ ಬಂದು ನಿಂತಿತು. ಅಜ್ಜಿ ಅಲ್ಲೇ ಎರಡು ಸಲ ಕುಟ್ಟಿದರು. ಎಲ್ಲಿ, ಇದೆಲ್ಲಿ ಎಂದು ಜಗಳಕ್ಕೇ ನಿಂತವರ ಹಾಗೆ ಅತ್ತೆಯ ಮುಖ ನೋಡಿದರು. ಐದೂ ಬೆರಳು ಬಿಡಿಸಿ, ಅತ್ತೆಯ ಗದ್ದ ಹಿಡಿದು ತಲೆಯನ್ನು ಮೇಲಕ್ಕೆತ್ತಿಸಿ ಚರ್ಚಿನ ನೆತ್ತಿ ತೋರಿಸಿದರು. "ಫೈವ್! ನಾಟ್ ಫೋರ್. ನೆವರ್ ಫೋರ್!"

ಮಧ್ಯದಲ್ಲಿ ದೊಡ್ಡದು, ಸುತ್ತ ನಾಲ್ಕು ಸಣ್ಣವು. ಬಲತುದಿಯಲ್ಲಿ ಐದನೆಯದು ಬಿಸಿಲಿಗೆ ಹೊಳೆಯುತ್ತ ನಿಂತಿತ್ತು.

"ನೋಡಿದೇನವಾ," ಎಂದರು ಅತ್ತೆ ನನ್ನ ಕಡೆ ತಿರುಗಿ. "ಇಕಿ ಈರುಳ್ಳಿ ಅನ್ನಲಿಲ್ಲ."

ನನಗೆ ಅಳು ಬಂತು. "ತಪ್ಪಾಯ್ತು ಅತ್ತೆ," ಎಂದೆ. ಹದಿನೈದು ವರ್ಷದ ಹಿಂದೆಯೇ ಹೇಳಬೇಕಿದ್ದ ಮಾತು. ಅತ್ತೆ ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಆಗಲೇ ಚೀಲದಲ್ಲಿ ಕೈ ಹಾಕಿ ತಡಕಾಡುತ್ತಿದ್ದರು. ಸೂಜಿ ಸಿಕ್ಕಿತು, ದಾರದ ಉಂಡೆ ಸಿಕ್ಕಿತು. ಎರಡನ್ನೂ ನನ್ನ ಕೈಗಿಟ್ಟರು.

"ಪೋಣಸು. ನನಗ ಕಣ್ಣ ಕಾಣೂದಿಲ್ಲ."

ಮೂರು ಸಲ ದಾರ ತಪ್ಪಿತು. ನಾಲ್ಕನೆಯ ಸಲ ಪೋಣಿಸಿದೆ. ಬೆಂಚಿನ ಮೇಲೆ ಕೂತು ಅತ್ತೆ ಬೆರಳಿನಿಂದ ತಡವಿ ಎಳೆ ಎಣಿಸಿದರು. ರಷ್ಯನ್ ಅಜ್ಜಿ ಸೆರಗಿನ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು ಕೂತು, ತಮ್ಮ ಭಾಷೆಯಲ್ಲಿ ಸಲಹೆ ಕೊಡುತ್ತಲೇ ಇದ್ದರು; ಅತ್ತೆ ಗದಗಿನ ಭಾಷೆಯಲ್ಲಿ ಒಪ್ಪದೇ ಇದ್ದರು. ಅಷ್ಟರಲ್ಲಿ ನಮ್ಮ ರೊಟ್ಟಿ ಅಜ್ಜಿಯ ಬುಟ್ಟಿ ಸೇರಿತ್ತು, ಮೊಟ್ಟೆ ಮುಟ್ಟದ ಅತ್ತೆಯ ಚೀಲದಲ್ಲಿ ಕೆಂಪು ಮೊಟ್ಟೆಯೊಂದು ಕರ್ಚೀಫಿನಲ್ಲಿ ಸುತ್ತಿಕೊಂಡು ಕೂತಿತ್ತು.

ಒಂದು ತಾಸಿನಲ್ಲಿ ಐದನೆಯ ಗೋಪುರದ ಗೆರೆ ಮುಗಿಯಿತು. ಅತ್ತೆ ಹಲ್ಲಿನಿಂದ ದಾರ ಕಡಿದು, ಎದ್ದು, ಸೆರಗನ್ನು ಮತ್ತೆ ತಲೆಯ ತುಂಬ ಹೊದ್ದು, ಅಂಚನ್ನು ಭುಜದ ಮೇಲೆ ಹರವಿಕೊಂಡು ಚರ್ಚಿಗೆ ಬೆನ್ನು ಮಾಡಿ ನಿಂತರು.

"ಈಗ ತಗಿ ಫೋಟೋ," ಎಂದರು. "ಐದೂ ಬರಬೇಕ ಮತ್ತ."